ಬೀಗ ಹಾಕದ ಕೋವಿಗೆ ಹೊಣೆ ಯಾರು?

2024ರ ಮಾರ್ಚ್ ತಿಂಗಳು. ಅಮೆರಿಕದ ಮಿಷಿಗನ್ ರಾಜ್ಯದ ಓಕ್ಲೆಂಡ್ ಕೌಂಟಿ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲೆ ಜ್ಯೂರಿಯ ಎದುರು ನಿಂತು ಪಿಸ್ತೂಲೊಂದಕ್ಕೆ ತಂತಿಬೀಗ ಹಾಕಿ ತೋರಿಸಿದರು. ಬೀಗ ಎಂದರೆ ಒಂದು ಗಟ್ಟಿ ತಂತಿ, ಅದರ ತುದಿಗೆ ಪುಟ್ಟದೊಂದು ಕೊಂಡಿ, ಒಂದು ಕೀಲಿಕೈ. ತಂತಿಯನ್ನು ಪಿಸ್ತೂಲಿನೊಳಗೆ ತೂರಿಸಿ ಕೊಂಡಿ ಒತ್ತಿಬಿಟ್ಟರೆ ಗುಂಡು ತುಂಬಲೂ ಆಗದು, ಹಾರಿಸಲೂ ಆಗದು. ಅಷ್ಟಕ್ಕೆ ಹಿಡಿದದ್ದು ಕೆಲವೇ ಸೆಕೆಂಡು. ಕಟಕಟೆಯಲ್ಲಿದ್ದ ತಂದೆ ಪಿಸ್ತೂಲು ಕೊಂಡಾಗ ಅಂಥದೇ ಬೀಗ ಅದರ ಜೊತೆಯಲ್ಲಿ ಅಂಗಡಿಯಿಂದಲೇ ಮನೆಗೆ ಬಂದಿತ್ತು. ಅದನ್ನು ಯಾರೂ ಬಳಸಿರಲಿಲ್ಲ.

ಆ ಪಿಸ್ತೂಲನ್ನು ತಂದೆ ಕೊಂಡದ್ದು 2021ರ ನವೆಂಬರ್ 26ರಂದು. ನಾಲ್ಕೇ ದಿನಗಳಲ್ಲಿ, ನವೆಂಬರ್ 30ರಂದು, ಹದಿನೈದು ವರ್ಷದ ಮಗ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಆಕ್ಸ್‌ಫರ್ಡ್ ಎಂಬ ಊರಿನ ತನ್ನ ಹೈಸ್ಕೂಲಿಗೆ ಹೋದ. ಗಣಿತದ ಹಾಳೆಯ ಮೇಲೆ ಅವನು ಬರೆದಿದ್ದ ಬಂದೂಕಿನ ಚಿತ್ರವನ್ನೂ ಅದರ ಸುತ್ತಲಿನ ಮಾತುಗಳನ್ನೂ ಕಂಡು ಗಾಬರಿಯಾದ ಶಿಕ್ಷಕಿ ಮೇಲಿನವರಿಗೆ ತಿಳಿಸಿದರು. ಶಾಲೆಯವರು ಅಪ್ಪ ಅಮ್ಮನನ್ನು ಕರೆಸಿದರು. ಅವರು ಬಂದರು, ಮಾತಾಡಿದರು, ಮಗನನ್ನು ಶಾಲೆಯಲ್ಲೇ ಬಿಟ್ಟು ಹೊರಟರು. ಮನೆಗೆ ಹೊಸದಾಗಿ ಪಿಸ್ತೂಲು ಬಂದಿದೆ ಎಂದು ಅವರು ಹೇಳಲಿಲ್ಲ. ಬ್ಯಾಗನ್ನು ಯಾರೂ ತೆರೆದು ನೋಡಲಿಲ್ಲ. ಮಧ್ಯಾಹ್ನ ಅವನು ಹಾರಿಸಿದ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು, ಇನ್ನೂ ಏಳು ಮಂದಿ ಗಾಯಗೊಂಡರು.

ಹುಡುಗನಿಗೆ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಾಯಿತು. ತಾಯಿ ಮತ್ತು ತಂದೆಯ ವಿಚಾರಣೆ ಬೇರೆಬೇರೆಯಾಗಿ ನಡೆದು, ಇಬ್ಬರೂ ನರಹತ್ಯೆಯ ಅಪರಾಧಿಗಳೆಂದು ಜ್ಯೂರಿಗಳು ತೀರ್ಮಾನಿಸಿದವು. 2024ರ ಏಪ್ರಿಲ್‌ನಲ್ಲಿ ಇಬ್ಬರಿಗೂ ಹತ್ತರಿಂದ ಹದಿನೈದು ವರ್ಷಗಳ ಸೆರೆವಾಸ ವಿಧಿಸಲಾಯಿತು. ಮಗ ಶಾಲೆಯಲ್ಲಿ ಮಾಡಿದ ಸಾಮೂಹಿಕ ಹತ್ಯೆಗೆ ಹೆತ್ತವರು ನರಹತ್ಯೆಯ ಅಪರಾಧಿಗಳಾದದ್ದು ಅಮೆರಿಕದಲ್ಲಿ ಅದೇ ಮೊದಲು.

ಈ ತೀರ್ಪನ್ನು ಬಹಳ ಮಂದಿ ಮೆಚ್ಚಿಕೊಂಡರು. ನನಗೆ ಮುಖ್ಯವಾಗಿ ಕಂಡದ್ದು ಬೇರೆಯೇ. ಘಟನೆ ನಡೆದ ದಿನ ಮಿಷಿಗನ್‌ನಲ್ಲಿ, ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಹಾಕಬೇಕೆಂಬ ಕಾನೂನೇ ಇರಲಿಲ್ಲ. ಅಂಥ ಕಾನೂನು ಇಲ್ಲದ್ದರಿಂದಲೇ ನಾಲ್ಕು ಹೆಣ ಬಿದ್ದ ಮೇಲೆ ನರಹತ್ಯೆಯಂಥ ದೊಡ್ಡ ಕಲಮನ್ನು ಎಳೆದು ತರಬೇಕಾಯಿತು. ಬೀಗ ಹಾಕಿ ಎಂದು ಹೇಳುವ ಕಾನೂನು ಆ ರಾಜ್ಯದಲ್ಲಿ ಜಾರಿಗೆ ಬಂದದ್ದು 2024ರ ಫೆಬ್ರವರಿ 13ರಂದು. ಮನೆಗೆ ಅಪ್ರಾಪ್ತರು ಬರುವ ಅಥವಾ ಇರುವ ಸಂಭವವಿದೆ ಎಂದು ಗೊತ್ತಿದ್ದರೆ ಬಂದೂಕನ್ನು ಬೀಗವಿರುವ ಪೆಟ್ಟಿಗೆಯಲ್ಲಿಡಬೇಕು, ಇಲ್ಲವೇ ಗುಂಡು ತೆಗೆದು ಬಂದೂಕಿಗೇ ಬೀಗ ಹಾಕಬೇಕು. ಹಾಗೆ ಮಾಡದೆ ಅದು ಮಗುವಿನ ಕೈಗೆ ಸಿಕ್ಕಿ ಯಾರಾದರೂ ಸತ್ತರೆ ಇಟ್ಟವರಿಗೆ ಹದಿನೈದು ವರ್ಷಗಳವರೆಗೆ ಜೈಲು. ಬಂದೂಕಿನ ಪೆಟ್ಟಿಗೆ, ಬೀಗಗಳ ಮೇಲಿನ ಮಾರಾಟ ತೆರಿಗೆಯನ್ನು 2024ರ ಕೊನೆಯವರೆಗೆ ಸರ್ಕಾರ ಬಿಟ್ಟುಕೊಟ್ಟಿತು. ದಂಡ ವಿಧಿಸುವ ಸರ್ಕಾರ ಬೀಗ ಕೊಳ್ಳುವವನ ಖರ್ಚನ್ನೂ ಯೋಚಿಸಿದ್ದು ಮೆಚ್ಚಬೇಕಾದ ಸಂಗತಿ.

ಇಂಥ ಕಾನೂನುಗಳ ಚರಿತ್ರೆ ಅಮೆರಿಕದಲ್ಲಿ 1989ರಿಂದ ಶುರುವಾಗುತ್ತದೆ. ಆ ಬೇಸಿಗೆಯಲ್ಲಿ ಫ್ಲಾರಿಡಾದಲ್ಲಿ ಮಕ್ಕಳು ಮನೆಯ ಬಂದೂಕಿನಿಂದ ಗುಂಡೇಟು ತಿಂದ ಪ್ರಕರಣಗಳು ಒಂದರ ಹಿಂದೊಂದು ನಡೆದು, ಜನ ರೋಸಿಹೋದರು. ಬಂದೂಕನ್ನು ಬಹಳ ಪ್ರೀತಿಸುವ ರಾಜ್ಯ ಅದು. ಆದರೂ ಮಕ್ಕಳ ಕೈಗೆ ಸಿಗುವಂತೆ ಗುಂಡು ತುಂಬಿದ ಬಂದೂಕನ್ನು ಇಡುವುದು ಅಪರಾಧ ಎಂದು ಮೊದಲು ಸಾರಿದ್ದು ಅದೇ. ಈಗ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಇಂಥ ಒಂದಲ್ಲ ಒಂದು ಕಾನೂನಿದೆ. ಹೆಸರು ಒಂದೇ ಆದರೂ ಸತ್ವ ಒಂದೇ ಅಲ್ಲ. ಮ್ಯಾಸಚೂಸೆಟ್ಸ್, ಒರೆಗನ್ ರಾಜ್ಯಗಳಲ್ಲಿ ಬಂದೂಕು ಒಡೆಯನ ಕೈಯಲ್ಲಿಲ್ಲದಾಗ ಅದಕ್ಕೆ ಬೀಗ ಬಿದ್ದಿರಲೇಬೇಕು. ಮನೆಯಲ್ಲಿ ಮಗು ಇದೆಯೇ ಇಲ್ಲವೇ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಗುವಿನ ಕೈಗೆ ಸಿಗುವ ಸಂಭವ ಇದ್ದರೇ ಸಾಕು, ಇಟ್ಟವನು ತಪ್ಪಿತಸ್ಥ. ಇನ್ನು ಕೆಲವು ರಾಜ್ಯಗಳಲ್ಲಿ ಮಗು ಬಂದೂಕನ್ನು ತೆಗೆದುಕೊಂಡು ಏನಾದರೂ ಅನಾಹುತ ಆದ ಮೇಲಷ್ಟೇ ಕಾನೂನು ಕಣ್ಣು ಬಿಡುತ್ತದೆ. ಈ ಕೊನೆಯ ಬಗೆಯ ಕಾನೂನಿನಿಂದ ಶಿಕ್ಷೆ ಸಿಗಬಹುದು, ಮಗು ಉಳಿಯುತ್ತದೆ ಎನ್ನಲಾಗದು.

ಕಾನೂನಿನಿಂದ ನಿಜಕ್ಕೂ ಪ್ರಯೋಜನ ಇದೆಯೇ? ಇದೆ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಇಂಥ ಕಾನೂನು ತಂದ ಹನ್ನೆರಡು ರಾಜ್ಯಗಳನ್ನು ಪರಿಶೀಲಿಸಿತು. ಕಾನೂನು ಜಾರಿಯಲ್ಲಿದ್ದ ವರ್ಷಗಳಲ್ಲಿ ಹದಿನೈದರೊಳಗಿನ ಮಕ್ಕಳು ಆಕಸ್ಮಿಕ ಗುಂಡೇಟಿಗೆ ಸಾಯುವುದು ಶೇ 23ರಷ್ಟು ಕಡಿಮೆಯಾಗಿತ್ತು. ಬಂದೂಕಿನ ಕಾನೂನುಗಳನ್ನೆಲ್ಲ ಒಂದೊಂದಾಗಿ ತೂಗಿ ನೋಡುವ ರ್‍ಯಾಂಡ್ ಸಂಸ್ಥೆ ಬಹುತೇಕ ಕಾನೂನುಗಳ ಬಗ್ಗೆ ಗಟ್ಟಿ ಸಾಕ್ಷ್ಯವಿಲ್ಲ ಎಂದೇ ಹೇಳುತ್ತದೆ. ಆದರೆ ಮಕ್ಕಳಿಂದ ಬಂದೂಕನ್ನು ದೂರವಿಡುವ ಕಾನೂನಿನ ವಿಷಯದಲ್ಲಿ ಅದು ಹಿಂಜರಿಯುವುದಿಲ್ಲ: ಮಕ್ಕಳ, ಹದಿಹರೆಯದವರ ಆತ್ಮಹತ್ಯೆಗಳೂ ಆಕಸ್ಮಿಕ ಸಾವುನೋವುಗಳೂ ಇದರಿಂದ ಕಡಿಮೆಯಾಗುತ್ತವೆ ಎನ್ನುತ್ತದೆ.

ಆತ್ಮಹತ್ಯೆಯ ಮಾತನ್ನು ಇಲ್ಲಿ ಬಿಟ್ಟು ಮುಂದೆ ಹೋಗಬಾರದು. ಬಂದೂಕು ಮತ್ತು ಮಕ್ಕಳು ಎಂದೊಡನೆ ನಮಗೆ ಶಾಲೆಯಲ್ಲಿ ಗುಂಡು ಹಾರಿಸಿದ ಸುದ್ದಿ ನೆನಪಾಗುತ್ತದೆ. ಆದರೆ ಅಮೆರಿಕದಲ್ಲಿ ಪರೀಕ್ಷೆ ಕೆಟ್ಟ ಸಂಜೆ, ಬೈಗುಳ ತಿಂದ ರಾತ್ರಿ, ಮನಸ್ಸು ಮುರಿದ ಒಂದು ಗಳಿಗೆಯಲ್ಲಿ ಅಪ್ಪನ ಬಂದೂಕು ಕೈಗೆ ಸಿಕ್ಕಿ ತೀರಿಹೋದ ಹದಿಹರೆಯದವರು ತುಂಬ ಮಂದಿ. ಆ ವಯಸ್ಸಿನ ಹತಾಶೆ ಬಹಳ ಸಲ ಬಂದಷ್ಟೇ ಬೇಗ ಇಳಿಯುತ್ತದೆ. ಇಳಿಯುವ ತನಕ ಬಂದೂಕಿಗೂ ಮಗುವಿಗೂ ನಡುವೆ ಒಂದು ಬೀಗ ಇದ್ದರೆ ಮಗು ಬದುಕುತ್ತದೆ. (ನಮ್ಮಲ್ಲಿ ಅಂಥ ಸಂಕಟದಲ್ಲಿರುವವರು, ಅವರ ಮನೆಯವರು, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.)

ಬಂದೂಕು ಇಟ್ಟುಕೊಂಡವರ ಬಾಯಲ್ಲಿ ಎರಡು ಮಾತು ಸದಾ ಕೇಳಿಬರುತ್ತವೆ. ಒಂದು, ‘ನಮ್ಮ ಮಕ್ಕಳಿಗೆ ಅದೆಲ್ಲಿದೆ ಅಂತಾನೇ ಗೊತ್ತಿಲ್ಲ’. ಇನ್ನೊಂದು, ‘ಮುಟ್ಟಬಾರದು ಅಂತ ಹೇಳಿಟ್ಟಿದೀವಿ, ಮುಟ್ಟಲ್ಲ’. ಎರಡನ್ನೂ ಅಮೆರಿಕದ ಸಂಶೋಧಕರು ಪರೀಕ್ಷೆಗೆ ಒಡ್ಡಿದ್ದಾರೆ. ಅಲಬಾಮದ ಹಳ್ಳಿಗಾಡಿನಲ್ಲಿ ಅಪ್ಪ ಅಮ್ಮನನ್ನೂ ಮಕ್ಕಳನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿದಾಗ, ಮಕ್ಕಳಿಗೆ ಗೊತ್ತಿಲ್ಲ ಎಂದ ಹೆತ್ತವರ ಪೈಕಿ ಶೇ 39 ಮಂದಿಯ ಮಕ್ಕಳು ಜಾಗವನ್ನು ಸರಿಯಾಗಿ ತಿಳಿದಿದ್ದರು. ಮಕ್ಕಳು ಎಂದೂ ಮುಟ್ಟಿಲ್ಲ ಎಂದವರ ಪೈಕಿ ಶೇ 22 ಮಂದಿಯ ಮಕ್ಕಳು ಮುಟ್ಟಿ ನೋಡಿದ್ದರು. ಅಟ್ಲಾಂಟದ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕಣ್ಣು ತೆರೆಸುವಂಥದು. ಎಂಟರಿಂದ ಹನ್ನೆರಡು ವರ್ಷದ ಗಂಡುಮಕ್ಕಳನ್ನು ಇಬ್ಬಿಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟರು. ಡ್ರಾಯರಿನೊಳಗೆ ಗುಂಡಿಲ್ಲದ, ಆದರೆ ಅಸಲಿಯಾದ ಪಿಸ್ತೂಲು ಇತ್ತು. ಇಪ್ಪತ್ತೊಂಬತ್ತು ಗುಂಪುಗಳಲ್ಲಿ ಇಪ್ಪತ್ತೊಂದು ಅದನ್ನು ಹುಡುಕಿ ತೆಗೆದವು. ಹದಿನಾರು ಗುಂಪುಗಳಲ್ಲಿ ಹುಡುಗರು ಅದನ್ನು ಕೈಯಲ್ಲಿ ಹಿಡಿದು ನೋಡಿದರು, ಹತ್ತರಲ್ಲಿ ಯಾರಾದರೊಬ್ಬ ಟ್ರಿಗರ್ ಎಳೆದೇಬಿಟ್ಟ. ಹಾಗೆ ಹಿಡಿದ, ಎಳೆದ ಹುಡುಗರಲ್ಲಿ ಶೇ 90ಕ್ಕಿಂತ ಹೆಚ್ಚು ಮಂದಿಗೆ ಬಂದೂಕಿನ ಅಪಾಯದ ಬಗ್ಗೆ ಮೊದಲೇ ಬುದ್ಧಿ ಹೇಳಲಾಗಿತ್ತು. ಅದು ಆಟದ್ದೋ ಅಸಲಿಯದ್ದೋ ಎಂಬುದೇ ಸುಮಾರು ಅರ್ಧದಷ್ಟು ಹುಡುಗರಿಗೆ ತಿಳಿದಿರಲಿಲ್ಲ.

ಬುದ್ಧಿ ಹೇಳಬಾರದು ಎಂದಲ್ಲ. ಹೇಳಿದ ಬುದ್ಧಿಯ ಮೇಲೆ ಮಗುವಿನ ಪ್ರಾಣವನ್ನು ಪಣಕ್ಕಿಡಬಾರದು. ಬೆಂಕಿಪೊಟ್ಟಣವನ್ನು ಮೇಲಿನ ಗೂಡಿನಲ್ಲಿಡುವ ತಾಯಿ, ಮಗುವಿಗೆ ತಿಳಿಹೇಳಿದ ಮೇಲೂ ಅದನ್ನು ಅಲ್ಲೇ ಇಡುತ್ತಾಳೆ.

ಬೀಗಕ್ಕೆ ಎದುರಾಗಿ ಬರುವ ದೊಡ್ಡ ವಾದ ಕಳ್ಳನ ಭಯದ್ದು. ನಡುರಾತ್ರಿ ಕಳ್ಳ ನುಗ್ಗಿದರೆ ಕೀಲಿಕೈ ಹುಡುಕುತ್ತ ಕೂರಲಾದೀತೇ ಎಂದು ಕೇಳುತ್ತಾರೆ. ಈ ವಾದ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ರಾಜಧಾನಿ ವಾಷಿಂಗ್ಟನ್‌ನಲ್ಲಿ ಮನೆಯೊಳಗಿನ ಬಂದೂಕನ್ನು ಬಿಚ್ಚಿಟ್ಟಿರಬೇಕು ಇಲ್ಲವೇ ಟ್ರಿಗರಿಗೆ ಬೀಗ ಹಾಕಿರಬೇಕು ಎಂಬ ಕಾನೂನಿತ್ತು. ಹಾಗಾದರೆ ಆತ್ಮರಕ್ಷಣೆಗೆ ಅದನ್ನು ಬಳಸುವುದೇ ಸಾಧ್ಯವಿಲ್ಲ ಎಂದು 2008ರ ಹೆಲ್ಲರ್ ಪ್ರಕರಣದಲ್ಲಿ ಕೋರ್ಟು ಅದನ್ನು ರದ್ದುಪಡಿಸಿತು. ಬಂದೂಕಿನ ಪರ ನಿಂತವರು ಇಷ್ಟನ್ನೇ ಎತ್ತಿ ಹೇಳುತ್ತಾರೆ. ಆದರೆ ಅಪಘಾತಗಳನ್ನು ತಡೆಯಲು ಬಂದೂಕನ್ನು ಹೇಗೆ ಇಡಬೇಕೆಂದು ವಿಧಿಸುವ ಕಾನೂನುಗಳು ತಪ್ಪೆಂದು ತಾನು ಹೇಳುತ್ತಿಲ್ಲ ಎಂಬುದೂ ಅದೇ ತೀರ್ಪಿನಲ್ಲಿದೆ. ಅದನ್ನು ಬರೆದವರು ಬಂದೂಕಿನ ಹಕ್ಕನ್ನು ಎತ್ತಿ ಹಿಡಿದ ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ. ಆ ಬಳಿಕ ಮ್ಯಾಸಚೂಸೆಟ್ಸ್‌ನ ಬೀಗದ ಕಾನೂನನ್ನು ಆ ರಾಜ್ಯದ ಉನ್ನತ ನ್ಯಾಯಾಲಯವೂ ಸ್ಯಾನ್‌ಫ್ರಾನ್ಸಿಸ್ಕೋದ ಕಾನೂನನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯವೂ ಎತ್ತಿ ಹಿಡಿದವು. ಬೆರಳಚ್ಚಿಗೋ ನಾಲ್ಕಂಕಿಯ ಸಂಖ್ಯೆಗೋ ತೆರೆದುಕೊಳ್ಳುವ ಪೆಟ್ಟಿಗೆಗಳು ಈಗ ಬಂದಿವೆ. ಮನೆಯೊಡೆಯನಿಗೆ ಕ್ಷಣದಲ್ಲಿ ತೆರೆಯುವ ಅವು ಮಗುವಿಗೆ ತೆರೆಯುವುದಿಲ್ಲ.

ಜರ್ಮನಿಯ ವಿನ್ನೆಂಡೆನ್ ಪಟ್ಟಣದ ಪ್ರಕರಣವನ್ನೂ ಇಲ್ಲಿ ನೆನೆಯಬೇಕು. 2009ರ ಮಾರ್ಚ್‌ನಲ್ಲಿ ಹದಿನೇಳರ ಹುಡುಗನೊಬ್ಬ ತಾನು ಓದಿದ್ದ ಶಾಲೆಗೆ ನುಗ್ಗಿ, ಅಲ್ಲೂ ಆಮೇಲೆ ಹೊರಗೂ ಸೇರಿ ಹದಿನೈದು ಮಂದಿಯನ್ನು ಕೊಂದ. ಅವನ ತಂದೆ ಶೂಟಿಂಗ್ ಕ್ಲಬ್ಬಿನ ಸದಸ್ಯ. ಮಿಕ್ಕ ಬಂದೂಕುಗಳನ್ನೆಲ್ಲ ಕಾನೂನಿನಂತೆ ತಿಜೋರಿಯಲ್ಲಿಟ್ಟಿದ್ದ ಆತ ಒಂದು ಪಿಸ್ತೂಲನ್ನು ಮಾತ್ರ ಮಲಗುವ ಕೋಣೆಯಲ್ಲಿ ಬೀಗವಿಲ್ಲದೆ ಇರಿಸಿಕೊಂಡಿದ್ದ. ಮಗ ಒಯ್ದದ್ದು ಅದನ್ನೇ. ತಂದೆಗೆ ನಿರ್ಲಕ್ಷ್ಯದ ಹತ್ಯೆಗಾಗಿ ಶಿಕ್ಷೆಯಾಯಿತು, ಅದನ್ನು ಅಮಾನತಿನಲ್ಲಿಡಲಾಯಿತು. ಅದೇ ವರ್ಷ ಜರ್ಮನಿ ತನ್ನ ಕಾನೂನನ್ನು ಬಿಗಿಗೊಳಿಸಿ, ಬಂದೂಕಿಟ್ಟವರ ಮನೆಗೆ ಮುನ್ಸೂಚನೆ ಇಲ್ಲದೆಯೂ ಹೋಗಿ ತಿಜೋರಿ ನೋಡುವ ಅಧಿಕಾರವನ್ನು ಅಧಿಕಾರಿಗಳಿಗೆ ಕೊಟ್ಟಿತು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಯಾರಾದರೂ ಬಂದು ನೋಡಬೇಕು ಎಂಬ ಪಾಠವನ್ನು ಆ ದೇಶ ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು.

ನಮ್ಮಲ್ಲಿ ಬಂದೂಕು ಅಷ್ಟು ಸುಲಭವಾಗಿ ಸಿಗುವುದಿಲ್ಲ ನಿಜ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು, ಇಪ್ಪತ್ತೊಂದು ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಆದರೆ ಕರ್ನಾಟಕದಲ್ಲಿ ಕೋವಿ ಅಪರೂಪದ ವಸ್ತುವೇನಲ್ಲ. ಮಲೆನಾಡಿನ, ಕರಾವಳಿಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳಿವೆ. ಹಂದಿ, ಮಂಗಗಳ ಕಾಟದಲ್ಲಿ ಬೇಸತ್ತ ರೈತನಿಗೆ ಅದು ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ರಾತ್ರಿ ತೋಟದಿಂದ ಬಂದವನು ಕೋವಿಯನ್ನು ಎಲ್ಲಿಡುತ್ತಾನೆ ಎಂಬುದಷ್ಟೇ ನನ್ನ ಪ್ರಶ್ನೆ.

2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿಫಾರಂ ಒಂದರಲ್ಲಿ ಇಟ್ಟಿದ್ದ ಕೋವಿ ಹದಿಹರೆಯದ ಹುಡುಗನೊಬ್ಬನ ಕೈಗೆ ಸಿಕ್ಕಿತು. ಆಡುತ್ತಿದ್ದಾಗ ಗುಂಡು ಹಾರಿ, ಹೊರರಾಜ್ಯದಿಂದ ಕೂಲಿಗೆ ಬಂದಿದ್ದ ಕುಟುಂಬದ ಪುಟ್ಟ ಮಗು ಸತ್ತಿತು. ಅದೇ ವರ್ಷ ಶಿರಸಿ ತಾಲ್ಲೂಕಿನಲ್ಲಿ ಬಾಲಕನೊಬ್ಬ ಏರ್‌ಗನ್ ಗುಂಡಿಗೆ ಬಲಿಯಾದ. ಎರಡು ದಿನ ಸುದ್ದಿ, ‘ಆಕಸ್ಮಿಕ’ ಎಂಬ ಮಾತು, ಆಮೇಲೆ ಮೌನ. ಮಗುವಿನ ಕೈಗೆಟಕುವಂತೆ ಕೋವಿಯಿಟ್ಟದ್ದರ ಫಲವನ್ನು ಆಕಸ್ಮಿಕ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯೇ ಹೇಳುತ್ತದೆ. ಅದಕ್ಕಿಂತ ದೊಡ್ಡ ಮಕ್ಕಳದು ಬಾಲನ್ಯಾಯದ ವಿಚಾರ. ಹೊಣೆ ಮಗುವಿನದಲ್ಲ ಎಂದಾದರೆ ಮತ್ತೆ ಯಾರದು? ಕೋವಿಯನ್ನು ಜೋಪಾನವಾಗಿಡುವ ಮಾತು ನಮ್ಮ ನಿಯಮಗಳಲ್ಲಿ ಇಲ್ಲದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ತರಬೇತಿಯ ಬಗ್ಗೆಯೂ ಸುರಕ್ಷಿತವಾಗಿ ಇಡುವುದರ ಬಗ್ಗೆಯೂ ಹೇಳುತ್ತವೆ. ಆದರೆ ಲೈಸೆನ್ಸಿನ ಷರತ್ತು ಮೀರಿದವನಿಗೆ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಮು ಹೇಳುವ ಶಿಕ್ಷೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದಕ್ಕೆ, ಐದು ವರ್ಷಗಳವರೆಗೆ ಸೆರೆ. ರಸ್ತೆ ಅಪಘಾತಕ್ಕೂ ಆಸ್ಪತ್ರೆಯ ಎಡವಟ್ಟಿಗೂ ಅದೇ ಕಲಮು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸುವುದನ್ನು 2019ರ ತಿದ್ದುಪಡಿ ಹೆಸರಿಟ್ಟು ಅಪರಾಧವೆಂದು ಸಾರಿ, ಎರಡು ವರ್ಷಗಳವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದಿತು. ಮಗುವಿನ ಕೈಗೆ ಸಿಗುವಂತೆ ಕೋವಿ ಇಡುವುದಕ್ಕೆ ಅಂಥ ಹೆಸರಿಟ್ಟ ಕಲಮು ನಮ್ಮ ಕಾಯ್ದೆಯಲ್ಲಿ ಇಲ್ಲ. ಬೇಕು.

ಏರ್‌ಗನ್ ವಿಷಯದಲ್ಲಿ ಕೊರತೆ ಇನ್ನೂ ದೊಡ್ಡದು. ಕಡಿಮೆ ಶಕ್ತಿಯ ಏರ್‌ಗನ್‌ಗೆ ನಮ್ಮಲ್ಲಿ ಲೈಸೆನ್ಸೇ ಬೇಡ. ಲೈಸೆನ್ಸ್ ಇಲ್ಲ ಎಂದ ಮೇಲೆ ಷರತ್ತೂ ಇಲ್ಲ. ಜನರೂ ಅದನ್ನು ಆಟಿಕೆಗಿಂತ ಸ್ವಲ್ಪ ಮೇಲಿನದು ಎಂದಷ್ಟೇ ತಿಳಿದಿದ್ದಾರೆ. ಬ್ರಿಟನ್ನಿನಲ್ಲಿ 2011ರಿಂದ, ಹದಿನೆಂಟರೊಳಗಿನವರ ಕೈಗೆ ಏರ್‌ಗನ್ ಸಿಗದಂತೆ ಎಚ್ಚರ ವಹಿಸದಿರುವುದೇ ಒಂದು ಅಪರಾಧ. ಲೈಸೆನ್ಸ್ ಬೇಡದ ಆಯುಧಕ್ಕೂ ಬೀಗದ ಹೊಣೆ ಹೊರಿಸಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಮಾದರಿ ಬೇಕಿಲ್ಲ.

ಕೊಡಗಿನ ಮಾತು ಬಾರದೆ ಕನ್ನಡನಾಡಿನಲ್ಲಿ ಕೋವಿಯ ಮಾತು ಮುಗಿಯದು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಜನ ಅವರು. ಬೇಸಾಯದ ದಿನಗಳಲ್ಲಿ ಆಯುಧಗಳನ್ನು ದೇವರ ಕೋಣೆಯಾದ ಕನ್ನಿಕೋಂಬರೆಯಲ್ಲಿ ಎತ್ತಿಟ್ಟು, ನಾಟಿ ಮುಗಿದ ಮೇಲೆ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸಿ ಹೊರತೆಗೆಯುವುದು ಅಲ್ಲಿನ ವಾಡಿಕೆ. ಆ ವಿನಾಯಿತಿಯನ್ನು ಕಸಿಯಬೇಕೆಂದು ನಾನು ಕೇಳುತ್ತಿಲ್ಲ. ಕೋವಿಯನ್ನು ದೇವರ ಕೋಣೆಯಲ್ಲಿಟ್ಟು ಗೌರವಿಸುವ ಸಮಾಜವೇ ಬೀಗದ ವಿಷಯದಲ್ಲಿ ನಾಡಿಗೆ ಮೇಲ್ಪಂಕ್ತಿ ಹಾಕಿಕೊಡಬಲ್ಲದು ಎಂದು ನಂಬಿದ್ದೇನೆ. ಕೊಡವ ಸಮಾಜಗಳು ಕೈಲ್‌ಪೊಳ್ದ್ ದಿನವೇ ಈ ಮಾತನ್ನು ಎತ್ತಿದರೆ ಅದಕ್ಕೆ ಸರ್ಕಾರದ ಸುತ್ತೋಲೆಗಿಂತ ಹೆಚ್ಚು ತೂಕ ಬರುತ್ತದೆ.

ಆಡಳಿತಕ್ಕೆ ಇದು ಆಗದ ಕೆಲಸವಲ್ಲ. ಚುನಾವಣೆ ಘೋಷಣೆಯಾದರೆ ಸಾಕು, ಕೋವಿ ತಂದು ಠಾಣೆಯಲ್ಲಿ ಠೇವಣಿ ಇಡಿ ಎಂದು ನೋಟಿಸು ಬರುತ್ತದೆ. ಬೆಳೆ ಕಾಯುವ ಹೊತ್ತಿನಲ್ಲಿ ಹೀಗೆ ಮಾಡಿದರೆ ಹೇಗೆ ಎಂದು ರೈತರು ಗೊಣಗುತ್ತಲೇ ತಂದಿಡುತ್ತಾರೆ. ಯಾವ ಮನೆಯಲ್ಲಿ ಯಾವ ಕೋವಿ ಇದೆ ಎಂಬ ಲೆಕ್ಕ ಠಾಣೆಯಲ್ಲಿದೆ. ಕೋವಿ ಹಿಂದಿರುಗಿಸುವಾಗ, ಇಲ್ಲವೇ ಐದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸುವಾಗ, ಮನೆಯಲ್ಲಿ ಮಕ್ಕಳಿದ್ದಾರೆಯೇ, ಬೀಗವಿರುವ ಕಬ್ಬಿಣದ ಪೆಟ್ಟಿಗೆ ಇದೆಯೇ, ತೋಟಾಗಳನ್ನು ಬೇರೆ ಇಟ್ಟಿದ್ದೀರಾ ಎಂದು ಕೇಳಿ, ಬೀಟ್ ಪೊಲೀಸರು ಒಮ್ಮೆ ಹೋಗಿ ನೋಡಿ ಬಂದರೆ ಸಾಕು. ಅಮೆರಿಕದಲ್ಲಿ 2005ರ ಕಾನೂನಿನ ಪ್ರಕಾರ ಲೈಸೆನ್ಸ್ ಪಡೆದ ವ್ಯಾಪಾರಿ ಪಿಸ್ತೂಲಿನ ಜೊತೆಗೆ ಬೀಗವನ್ನು ಕೊಡಲೇಬೇಕು. ನಮ್ಮ ಕೋವಿ ಅಂಗಡಿಗಳಿಗೂ ಅದನ್ನೇ ವಿಧಿಸಬಹುದು. ಸಣ್ಣ ರೈತನಿಗೆ ಪೆಟ್ಟಿಗೆ ಕೊಳ್ಳಲು ಸಹಾಯಧನ ಕೊಟ್ಟರೆ ಖಜಾನೆಯೇನೂ ಬರಿದಾಗದು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಬಂದೂಕು ಇಲ್ಲದಿರಬಹುದು, ಮಗು ಆಡಲು ಹೋಗುವ ಮನೆಯಲ್ಲಿ ಇರಬಹುದು. 2020ರಿಂದ ಆ ದೇಶದಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದವರ ಸಾವಿಗೆ ಬಂದೂಕೇ ಮೊದಲ ಕಾರಣ, ರಸ್ತೆ ಅಪಘಾತಕ್ಕಿಂತಲೂ ಮುಂದೆ. ಸುಮಾರು 46 ಲಕ್ಷ ಮಕ್ಕಳು ಗುಂಡು ತುಂಬಿದ, ಬೀಗವಿಲ್ಲದ ಬಂದೂಕಿರುವ ಮನೆಗಳಲ್ಲಿದ್ದಾರೆ ಎಂದು 2015ರ ಸಮೀಕ್ಷೆಯೊಂದು ಅಂದಾಜು ಮಾಡಿತ್ತು. ಹಾಗಾಗಿ ಮಗುವನ್ನು ಆಡಲು ಕಳಿಸುವ ಮುನ್ನ ‘ನಿಮ್ಮ ಮನೆಯಲ್ಲಿ ಗನ್ ಇದೆಯೇ, ಅದಕ್ಕೆ ಬೀಗ ಹಾಕಿದ್ದೀರಾ’ ಎಂದು ಕೇಳಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ಸಲಹೆ ಕೊಡುತ್ತದೆ. ಹೀಗೆ ಕೇಳಲು ನಮ್ಮವರಿಗೆ ಸಂಕೋಚ, ಮನೆಯವರು ಏನಂದುಕೊಂಡಾರೋ ಎಂಬ ಅಳುಕು. ಮಗುವಿಗೆ ಕಡಲೆಬೀಜ ಆಗದು ಎಂದು ಯಾವ ಅಳುಕೂ ಇಲ್ಲದೆ ಹೇಳುತ್ತೇವಲ್ಲ, ಇದನ್ನೂ ಅಷ್ಟೇ ನೇರವಾಗಿ ಕೇಳಿ.

ಕಾನೂನು ಬರಲು ವರ್ಷಗಳು ಹಿಡಿಯಬಹುದು. ಕೋವಿಯಿರುವ ಮನೆಯವರು ಅದಕ್ಕಾಗಿ ಕಾಯಬೇಕಿಲ್ಲ. ಈ ರಾತ್ರಿಯೇ ನಳಿಗೆಯಲ್ಲಿರುವ ತೋಟಾ ತೆಗೆಯಿರಿ, ಕೋವಿಯನ್ನು ಒಂದು ಕಡೆ, ತೋಟಾವನ್ನು ಇನ್ನೊಂದು ಕಡೆ ಇಟ್ಟು ಎರಡಕ್ಕೂ ಬೀಗ ಹಾಕಿ. ಕೀಲಿಕೈ ಮಕ್ಕಳಿಗೆ ಗೊತ್ತಿರುವ ಮೊಳೆಗೆ ತಗುಲಿಹಾಕಬೇಡಿ, ನಿಮ್ಮ ಬಳಿಯೇ ಇರಲಿ.